ಗುಂಡು ಮಾತು ಕೇಳುವ ದೂರ

ಅತ್ತಿಗೆ ಮದುವೆಯಾಗಿ ನಮ್ಮ ಮನೆಗೆ ಬಂದ ಹೊಸದರಲ್ಲಿ ಅಮ್ಮನದು ಒಂದೇ ದೂರು: ಈ ಹುಡುಗಿಗೆ ಕೂರಲು ಬರುವುದಿಲ್ಲ. ಊಟದ ನಡುವೆ ಎರಡು ಸಲ ಏಳುತ್ತಿದ್ದರು. ಒಮ್ಮೆ ನೀರಿಗೆ, ಇನ್ನೊಮ್ಮೆ ಯಾತಕ್ಕೆಂದು ಅವರಿಗೇ ತಿಳಿಯದೆ. ಟಿವಿ ಮುಂದೆ ಕೂತರೆ ಮೊಣಕಾಲು ಕುಣಿಯಲು ಶುರುವಾಗಿ, ಸೋಫಾದ ಇನ್ನೊಂದು ತುದಿಯಲ್ಲಿದ್ದ ನನ್ನ ಕೈಯ ಚಹಾ ತುಳುಕುತ್ತಿತ್ತು.

"ಕಾಲಿಗೇನು ಸ್ಪ್ರಿಂಗ್ ಹಾಕಿಸ್ಕೊಂಡಿದೀಯೇನೇ?" ಎಂದು ಅಮ್ಮ ಕೇಳಿದರೆ, "ಅದೇ ಕುಣಿಯತ್ತೆ ಅತ್ತೆ, ನಾನೇನು ಮಾಡ್ಲಿ?" ಎನ್ನುವರು. ತವರುಮನೆಯಲ್ಲಿ ಅವರನ್ನು ಕರೆಯುತ್ತಿದ್ದದ್ದೇ ಪಾದರಸ ಎಂದು.

ಅಣ್ಣ ಸಿಟಿ ಬಸ್ಸಿನ ಡ್ರೈವರ್. ದಿನವಿಡೀ ಕೂತೇ ಇರುವ ಅವನಿಗೆ ಕೂರಲಾರದ ಹೆಂಡತಿ ಸಿಕ್ಕಿದ್ದು ಸರಿಯಾಗಿಯೇ ಇತ್ತು. ಸಂಜೆ ಇಬ್ಬರೂ ಚಪ್ಪಲಿ ಮೆಟ್ಟಿ ಹೊರಟರೆ ರೈಲ್ವೆ ಗೇಟಿನವರೆಗೆ ನಡೆದು ಬರುತ್ತಿದ್ದರು.

ಅತ್ತಿಗೆ ಆಗ ಠಾಣೆಯಲ್ಲಿ ಕಾನ್‌ಸ್ಟೇಬಲ್. ಆ ವರ್ಷದ ಗುಂಡು ಹಾರಿಸುವ ಪರೀಕ್ಷೆಯಲ್ಲಿ ಅವರ ಗುರಿಹಲಗೆಯನ್ನು ನೋಡಿದ ಅಧಿಕಾರಿ, ಯಾರದೋ ಹಲಗೆ ಅದಲುಬದಲಾಗಿದೆ ಎಂದುಕೊಂಡು ಇನ್ನೊಮ್ಮೆ ಹೊಡೆಸಿದರಂತೆ. ಎರಡನೆಯ ಸಲವೂ ಎಲ್ಲ ಗುಂಡುಗಳೂ ಒಂದು ಅಂಗೈಯೊಳಗೆ ಮುಚ್ಚಿಹೋಗುವಷ್ಟು ಜಾಗದಲ್ಲೇ ಬಿದ್ದಿದ್ದವು. ಹಾಗೆ ಅವರನ್ನು ವಿಶೇಷ ದಳಕ್ಕೆ ಆರಿಸಿ, ಸ್ನೈಪರ್ ಕೆಲಸ ಕಲಿಯಲು ಸೇನೆಯ ಶಾಲೆಗೆ ಕಳಿಸಿದರು. ಸುದ್ದಿ ಕೇಳಿ ಅಣ್ಣ ಬಿದ್ದು ಬಿದ್ದು ನಕ್ಕ.

"ಅಲ್ಲಿ ಅಲುಗಾಡದೆ ಮಲಗಿರ್ಬೇಕು ಕಣೇ. ನೀನು ನಿದ್ದೇಲೂ ನನ್ನ ಒದೀತೀಯ."

"ನೋಡೋಣ ಬಿಡಿ," ಎಂದರು ಅತ್ತಿಗೆ. ಆದರೆ ಅವರಿಗೂ ಭಯವಿತ್ತು. ಹೊರಡುವ ದಿನ ಸೂಟ್‌ಕೇಸಿನ ಬೀಗವನ್ನು ಹಾಕಿ ತೆಗೆದು, ಹಾಕಿ ತೆಗೆದು ಕೊನೆಗೆ ಅದನ್ನು ಕೆಡಿಸಿಯೇ ಬಿಟ್ಟರು.

ಆ ಶಾಲೆಯ ಕತೆಗಳನ್ನು ನಾನು ಅವರ ಬಾಯಿಂದ ಎಷ್ಟೋ ಸಲ ಕೇಳಿದ್ದೇನೆ. ಕಲಿಸುತ್ತಿದ್ದ ಹಿರಿಯ ಸೈನಿಕರೊಬ್ಬರಿಗೆ ಕಣ್ಣು ಮಿಟುಕಿಸುವ ಅಭ್ಯಾಸವೇ ಇರಲಿಲ್ಲವಾಗಿ, ಹುಡುಗರು ಬೆನ್ನ ಹಿಂದೆ ಅವರನ್ನು ಗೂಬೆ ಮೇಷ್ಟ್ರು ಎನ್ನುತ್ತಿದ್ದರು. ಮೊದಲ ದಿನ ಅವರು ಮೇಜಿನ ಮೇಲೆ ಮೂರು ರೈಫಲ್ ಇಟ್ಟರು. ಮೊದಲನೆಯದು ಸಾಧಾರಣ ಗಾತ್ರದ್ದು. ಎಂಟುನೂರು ಮೀಟರಿನವರೆಗೆ ನಂಬಬಹುದಾದದ್ದು. ಎರಡನೆಯದಕ್ಕೆ ಗುಂಡೂ ದೊಡ್ಡದು, ಕಿಲೋಮೀಟರಿನಾಚೆಗೂ ಸೈ. ಮೂರನೆಯದು ಇಬ್ಬರು ಹೊರಬೇಕಾದಷ್ಟು ಭಾರದ್ದು; ಅದು ಮನುಷ್ಯರಿಗಿಂತ ಹೆಚ್ಚಾಗಿ ಲಾರಿ, ಜೀಪುಗಳ ಎಂಜಿನ್ನಿಗಂತೆ. ಒಬ್ಬ ಹುಡುಗ ಕೈಯೆತ್ತಿ, ಮೊದಲನೆಯದನ್ನು ತೋರಿಸಿ, "ಸರ್, ಇದರ ಗುಂಡು ಎಂಟುನೂರು ಮೀಟರ್ ಆದ್ಮೇಲೆ ಬಿದ್ದುಹೋಗತ್ತಾ?" ಎಂದು ಕೇಳಿದ.

"ಎಲ್ಲಿ ಬೀಳತ್ತೆ! ಮೂರು ನಾಲ್ಕು ಕಿಲೋಮೀಟರ್ ಹೋಗಿ ಯಾರ ಮನೆ ಹಂಚಾದ್ರೂ ಒಡೆಯತ್ತೆ. ಗುಂಡು ಎಷ್ಟು ದೂರ ಹೋಗತ್ತೆ ಅನ್ನೋದು ಬೇರೆ, ಎಷ್ಟು ದೂರದವರೆಗೆ ನಿನ್ನ ಮಾತು ಕೇಳತ್ತೆ ಅನ್ನೋದು ಬೇರೆ. ನಮ್ಮ ಲೆಕ್ಕಕ್ಕೆ ಬರೋದು ಎರಡನೇದು. ಅದು ರೈಫಲ್ ಮೇಲಷ್ಟೇ ಅಲ್ಲ, ಮಲಗಿರೋನ ಮೇಲೂ ನಿಂತಿದೆ. ಒಬ್ಬನಿಗೆ ಎಂಟುನೂರು, ಇನ್ನೊಬ್ಬನಿಗೆ ಇದೇ ರೈಫಲ್‌ನಲ್ಲಿ ಮುನ್ನೂರೂ ಇಲ್ಲ."

ದೂರ ಅಳೆಯುವುದನ್ನು ಅತ್ತಿಗೆ ಬೇಗ ಕಲಿತರು. ಬಾಗಿಲು ಎಲ್ಲೇ ಇರಲಿ, ಹೆಚ್ಚುಕಡಿಮೆ ಎರಡು ಮೀಟರ್ ಎತ್ತರ. ರೈಫಲ್ಲಿನ ಮೇಲೆ ಕೂರಿಸಿದ ಸ್ಕೋಪಿನೊಳಗಿನ ಗೆರೆಗಳ ನಡುವೆ ಅದು ಎಷ್ಟು ಜಾಗ ಹಿಡಿಯುತ್ತದೆ ಎಂದು ನೋಡಿದರೆ ಎಷ್ಟು ದೂರದಲ್ಲಿದೆ ಎಂಬುದು ಸಿಕ್ಕುತ್ತದೆ. ಗಾಳಿಯನ್ನು ಓದಲು ಕಷ್ಟಪಟ್ಟರು. ಒಣಹಾಕಿದ ಬಟ್ಟೆ, ಚಿಮಣಿಯ ಹೊಗೆ, ಬಿಸಿಲಿಗೆ ನೆಲದಿಂದೇಳುವ ಝಳ, ಎಲ್ಲವೂ ಗಾಳಿಯ ಸುದ್ದಿಯನ್ನೇ ಹೇಳುತ್ತವೆ, ಆದರೆ ಒಂದು ಹೇಳಿದ್ದು ಇನ್ನೊಂದಕ್ಕೆ ತಾಳೆಯಾಗುವುದಿಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ಸುಮ್ಮನೆ ಮಲಗಿರುವುದು. ಹುಲ್ಲು, ಚಿಂದಿ ಸಿಕ್ಕಿಸಿದ ಉಡುಪು ತೊಟ್ಟು ಬಯಲಿನಲ್ಲಿ ತೆವಳಿ ಮೇಷ್ಟ್ರ ಕಣ್ಣಿಗೆ ಬೀಳದೆ ಹತ್ತಿರ ಹೋಗಬೇಕಿತ್ತು. ಅತ್ತಿಗೆ ಪ್ರತಿಸಲ ಸಿಕ್ಕಿಬೀಳುತ್ತಿದ್ದರು. "ಆ ಪೊದೆಗೆ ಚಳಿಜ್ವರ ಬಂದಿದೆ ನೋಡ್ರೋ," ಎಂದು ಮೇಷ್ಟ್ರು ದೂರದಿಂದಲೇ ಕೂಗುವರು.

ಮೂರನೆಯ ಸಲ ಸಿಕ್ಕಿಬಿದ್ದಾಗ ಅತ್ತಿಗೆ ಅತ್ತುಬಿಟ್ಟರಂತೆ. ಮನೆಗೆ ಕಳಿಸಿಬಿಡಿ ಎಂದರು. ಮೇಷ್ಟ್ರು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು.

"ನೀನು ಒಳಗಿರೋದನ್ನ ಹಿಡಿದು ನಿಲ್ಲಿಸೋಕೆ ಹೋಗ್ತಿದೀಯ. ಅದು ನಿಲ್ಲಲ್ಲ. ಅದಕ್ಕೆ ಕೆಲಸ ಕೊಡು. ಕಣ್ಣಿಗೆ ಅಟ್ಟು. ಎದುರಿಗಿರೋ ಪ್ರತಿ ಕಲ್ಲು, ಪ್ರತಿ ಕಿಟಕಿ ನೋಡ್ತಾ ಹೋಗಲಿ. ಕಾಲು ತಾನಾಗೇ ಸುಮ್ಮನಾಗತ್ತೆ."

ಹಾಗೆಯೇ ಆಯಿತು. ಚಡಪಡಿಕೆಯೆಲ್ಲ ಕಣ್ಣಿಗೆ ಹತ್ತಿತು. ಬಟ್ಟೆಯ ಮೇಲೆ ಹರಡಿದ ಗುಂಡಿ, ಕೀಲಿ, ಬೆಂಕಿಪೊಟ್ಟಣಗಳನ್ನು ಕ್ಷಣಕಾಲ ತೋರಿಸಿ ಮುಚ್ಚಿ, ಏನೇನಿತ್ತು ಎಂದು ಕೇಳುವ ಆಟದಲ್ಲಿ ಅತ್ತಿಗೆಯನ್ನು ಮೀರಿಸುವವರೇ ಇರಲಿಲ್ಲ. ಕೊನೆಯ ತೆವಳಾಟದಲ್ಲಿ ಅವರು ಮೇಷ್ಟ್ರ ಕುರ್ಚಿಯ ಹಿಂದಿನಿಂದ ಎದ್ದರು.

ದಳಕ್ಕೆ ಬಂದ ಮೇಲೆ ಅವರಿಗೆ ಜೋಡಿಯಾಗಿ ಸಿಕ್ಕವರನ್ನು ನಾವು ದುರ್ಬೀನಣ್ಣ ಎನ್ನುತ್ತಿದ್ದೆವು. ಸ್ನೈಪರ್ ಎಂದರೆ ಒಬ್ಬರೇ ಎಂದು ನಾವು ತಿಳಿದಿದ್ದೆವು, ಇಬ್ಬರಿರುತ್ತಾರೆ. ಒಬ್ಬರು ಹೊಡೆಯುವವರು, ಇನ್ನೊಬ್ಬರು ಪಕ್ಕದಲ್ಲಿ ದೊಡ್ಡ ದುರ್ಬೀನು ಹಿಡಿದು ದೂರ, ಗಾಳಿ, ಸುತ್ತಮುತ್ತಲಿನ ಚಲನವಲನ ಹೇಳುವವರು. ದುರ್ಬೀನಣ್ಣ ಅತ್ತಿಗೆಗಿಂತ ಎಷ್ಟೋ ಹಿರಿಯರು, ಮಿತಭಾಷಿ, ಜೇಬಿನಲ್ಲಿ ಸದಾ ಪೆಪ್ಪರ್‌ಮಿಂಟ್. ಅಲ್ಲಿಂದ ಶುರುವಾಯಿತು ಮಾಳಿಗೆಗಳ ಬದುಕು. ಮಂತ್ರಿ ಬಂದರೆ ಒಂದು ಮಾಳಿಗೆ, ಪಂದ್ಯ ನಡೆದರೆ ಕ್ರೀಡಾಂಗಣದ ಚಾವಣಿ, ಮೆರವಣಿಗೆಗೆ ಇನ್ನೊಂದು. ಬೆಳಿಗ್ಗೆ ಮಲಗಿದರೆ ಕೆಲಸ ಮುಗಿದ ಮೇಲೆ ಏಳುವುದು. ಏನೂ ಆಗದೇ ಇದ್ದರೆ ಆ ದಿನ ಸಾರ್ಥಕ. ಏನೂ ಆಗುತ್ತಿರಲಿಲ್ಲ. ವರ್ಷ ಉರುಳಿದರೂ ಅತ್ತಿಗೆ ಮನುಷ್ಯರತ್ತ ಒಂದು ಗುಂಡೂ ಹಾರಿಸಿರಲಿಲ್ಲ.

ನೆಂಟರಿಗೆ ಇದು ಬೇಕಿರಲಿಲ್ಲ. ಯಾವ ಮದುವೆಗೆ ಹೋದರೂ ಯಾರಾದರೊಬ್ಬರು ಪಕ್ಕಕ್ಕೆ ಸರಿದು, "ನಿಜ ಹೇಳಮ್ಮ, ಎಷ್ಟು ಜನ?" ಎಂದು ಕೇಳುತ್ತಿದ್ದರು. "ಒಬ್ಬರೂ ಇಲ್ಲ" ಎಂದರೆ ಹೊರಗೆ ಹೇಳಬಾರದ ಗುಟ್ಟು ಎಂದು ತಲೆಯಾಡಿಸುವರು. ಅಮ್ಮನಂತೂ ಪಕ್ಕದ ಮನೆಯವರಿಗೆ, "ನಮ್ಮ ಸೊಸೆ ಬಾಯಿ ಬಿಡಲ್ಲ, ಆದ್ರೆ ಬೆರಳಲ್ಲಿ ಎಣಿಸೋಕಾಗಲ್ಲ" ಎಂದು ಹೇಳಿಬಿಟ್ಟಿದ್ದಳು. ಒಂದು ಲೆಕ್ಕಕ್ಕೆ ಅದೂ ಸುಳ್ಳಲ್ಲ.

ಅತ್ತಿಗೆ ನಗುತ್ತಿದ್ದರು. ಆದರೆ ಮನೆಗೆ ಬಂದರೆ ಮೊದಲಿಗಿಂತ ಹೆಚ್ಚು ಓಡಾಡುತ್ತಿದ್ದರು. ದಿನವಿಡೀ ಮಾಳಿಗೆಯ ಮೇಲೆ ಕಟ್ಟಿಹಾಕಿದ್ದೆಲ್ಲ ನಮ್ಮ ಹಜಾರದಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಬೀರುವಿನ ಜಾಗ ಬದಲಿಸುವರು. ಮರುವಾರ ಅದನ್ನೇ ಹಳೆಯ ಜಾಗಕ್ಕೆ ತಳ್ಳುವರು.

ಆಮೇಲೆ ಬಂತು ಔಷಧಿ ಅಂಗಡಿಯ ದಿನ.

ಅವನು ಗೋದಾಮೊಂದರ ಕಾವಲುಗಾರ. ರಾತ್ರಿಪಾಳಿ ಮಾಡಿ ಮಾಡಿ ನಿದ್ದೆಯನ್ನೇ ಕಳೆದುಕೊಂಡಿದ್ದ. ನಿದ್ದೆಮಾತ್ರೆಗೆಂದು ಆ ಅಂಗಡಿಗೆ ದಿನವೂ ಬರುತ್ತಿದ್ದ. ಡಾಕ್ಟರ ಚೀಟಿಯಿಲ್ಲದೆ ಕೊಡುವಂತಿಲ್ಲ ಎಂದು ದಿನವೂ ವಾಪಸ್ ಕಳಿಸುತ್ತಿದ್ದರು. ಆ ಬೆಳಿಗ್ಗೆ ಗೋದಾಮಿನ ಪಿಸ್ತೂಲು ತಂದು ಬಾಗಿಲು ಹಾಕಿಕೊಂಡ. ಒಳಗೆ ಅಂಗಡಿಯವರು, ಅವರ ಸಹಾಯಕಿ, ಮಾತ್ರೆಗೆಂದು ಬಂದು ಕುರ್ಚಿಯಲ್ಲಿ ಕೂತಿದ್ದ ಒಬ್ಬ ಅಜ್ಜಿ.

ಎದುರಿನ ಪೀಠೋಪಕರಣದ ಅಂಗಡಿಯ ಮಾಳಿಗೆಯಲ್ಲಿ, ನೀರಿನ ಟ್ಯಾಂಕಿಗೂ ನಾಮಫಲಕಕ್ಕೂ ನಡುವೆ ಅತ್ತಿಗೆ ಮತ್ತು ದುರ್ಬೀನಣ್ಣ ಚಾಪೆ ಹಾಸಿದರು. "ತೊಂಬತ್ತು. ಗಾಳಿ ಇಲ್ಲ," ಎಂದರು ದುರ್ಬೀನಣ್ಣ. ಎಂಟುನೂರು ಮೀಟರಿನ ರೈಫಲ್ಲಿಗೆ ಅದು ಅಂಗಳ ದಾಟಿದಷ್ಟು ದೂರ. ಅಷ್ಟು ಹತ್ತಿರದಲ್ಲಿ ಸ್ಕೋಪಿನೊಳಗೆ ಅವನ ಮುಖವೇ ತುಂಬಿಕೊಂಡಿತು. ಕೆನ್ನೆಯ ಕುರುಚಲು, ಕಿವಿಯ ಕೆಳಗಿನ ಸುಟ್ಟ ಗಾಯದ ಕಲೆ, ಕೆಂಪು ಕಣ್ಣು. ಅವನು ಕೂರುತ್ತಿರಲಿಲ್ಲ. ಕೌಂಟರಿನಿಂದ ಫ್ರಿಜ್ಜಿಗೆ, ಫ್ರಿಜ್ಜಿನಿಂದ ಬಾಗಿಲಿಗೆ ನಡೆಯುತ್ತಲೇ ಇದ್ದ.

ತೊಂದರೆಯಿದ್ದದ್ದು ಅಂಗಡಿಯ ಮುಂದಿನ ಗಾಜಿನದು. ಓರೆಯಾಗಿ ಗಾಜಿಗೆ ಬಿದ್ದ ಗುಂಡು ದಾರಿ ತಪ್ಪುತ್ತದೆ. ಅವನು ಫ್ರಿಜ್ಜಿನ ಮುಂದೆ ನಿಂತಾಗ ಮಾತ್ರ ನೇರ ಸಿಗುತ್ತಿದ್ದ. ಅಲ್ಲಿ ಅವನ ಹಿಂದೆ ಮುಂದೆ ಯಾರೂ ಇರುತ್ತಿರಲಿಲ್ಲ. ಕೆಳಗೆ ಅಧಿಕಾರಿಗಳು ಫೋನಿನಲ್ಲಿ ಮಾತಾಡಿಸುತ್ತಿದ್ದರು. ಬಿಸಿಲೇರಿತು. ಮಧ್ಯಾಹ್ನದ ಹೊತ್ತಿಗೆ ಅವನು ಚಾವಣಿಗೆ ಒಂದು ಗುಂಡು ಹಾರಿಸಿದ. ವೈರ್‌ಲೆಸ್ಸಿನಲ್ಲಿ ದಳದ ಮುಖ್ಯಸ್ಥರ ದನಿ ಬಂತು: "ಸರಿಯಾಗಿ ಸಿಕ್ಕಿದ್ರೆ ಹೊಡೀರಿ. ಮತ್ತೆ ಕೇಳೋದು ಬೇಡ."

ಅವನು ಫ್ರಿಜ್ಜಿನ ಮುಂದೆ ಬಂದು ನಿಂತ. ತಣ್ಣಗಿನ ಬಾಗಿಲಿಗೆ ಬೆನ್ನು ಒರಗಿಸಿದ. ಅತ್ತಿಗೆ ಟ್ರಿಗರನ್ನು ಅದು ಬಿಗಿಯಾಗುವವರೆಗೆ ಎಳೆದುಕೊಂಡರು. ಉಸಿರು ಬಿಟ್ಟರು. ಬಿಟ್ಟ ಉಸಿರಿಗೂ ಎಳೆಯುವ ಉಸಿರಿಗೂ ನಡುವೆ ದೇಹ ತಾನಾಗಿ ನಿಲ್ಲುವ ಒಂದು ಬಿಡುವಿದೆ. ಗುಂಡು ಹೊರಡುವುದು ಅಲ್ಲೇ. ಬೆರಳು ಒತ್ತುತ್ತಿತ್ತು. ಆಗ ಸ್ಕೋಪಿನ ನಡುವೆ ಒಂದು ಮೊಣಕೈ ಬಂತು. ಅಜ್ಜಿ ಎದ್ದು ನಿಂತಿದ್ದರು.

ಬೆರಳು ಹೇಗೆ ನಿಂತಿತು ಎಂದು ಅತ್ತಿಗೆಗೆ ಇವತ್ತಿಗೂ ತಿಳಿಯದು.

ಅಜ್ಜಿ ಅವನಿಗೇನೋ ಹೇಳಿದರು. ಅವನು ಅವರ ಭುಜದಾಚೆಗೆ ಸುಮ್ಮನೆ ನೋಡಿದ. ನಿಧಾನವಾಗಿ ನೆಲಕ್ಕೆ ಕುಸಿದು ಕೂತ. ಪಿಸ್ತೂಲನ್ನು ಕೌಂಟರಿನ ಕೆಳಗೆ ತಳ್ಳಿ, ಮೊಣಕಾಲಿನ ಮೇಲೆ ತಲೆಯಿಟ್ಟ. ಮರುದಿನ ಪತ್ರಿಕೆಯಲ್ಲಿ ಅಜ್ಜಿಯ ಮಾತು ಬಂದಿತ್ತು: "ಕೂತು ಕೂತು ಕಾಲು ಜೋಮು ಹಿಡೀತು, ಎದ್ದೆ. ಅವನೂ ನಿಂತು ನಿಂತು ಸುಸ್ತಾಗಿದ್ದ. ಕೂತ್ಕೊಳಪ್ಪ ಅಂದೆ, ಕೂತ."

ಅತ್ತಿಗೆಗೆ ಪ್ರಶಂಸೆಯ ಸುರಿಮಳೆ. "ತರಬೇತಿ ಅಂದ್ರೆ ಇದು. ಹೊಡೆಯೋದು ಯಾರಿಗಾದ್ರೂ ಬರತ್ತೆ, ಹೊಡೆಯದೆ ತಡ್ಕೊಳೋದು ಬರಬೇಕು," ಎಂದು ಮುಖ್ಯಸ್ಥರು ಎಲ್ಲರ ಮುಂದೆ ಹೇಳಿದರು. ಅಮ್ಮ ರಾತ್ರೋರಾತ್ರಿ ತನ್ನ ಕತೆ ಬದಲಿಸಿದಳು. ಈಗ ಸೊಸೆ ಕರುಣೆಯ ಕಡಲು. ನೆಂಟರು ಕೈಹಿಡಿದು ಕಣ್ಣೊದ್ದೆ ಮಾಡಿಕೊಂಡರು. ಅತ್ತಿಗೆ ಎಲ್ಲರಿಗೂ ತಲೆಯಾಡಿಸಿ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುವರು.

ಅತ್ತಿಗೆಯ ನಿದ್ದೆ ಹಾರಿಹೋಯಿತು. ಊಟ ಅರ್ಧಕ್ಕೆ ನಿಂತಿತು. ಒಂದು ರಜೆಯ ದಿನ ಮಧ್ಯಾಹ್ನ ನಾನು ಬಟ್ಟೆ ತೆಗೆಯಲು ತಾರಸಿಗೆ ಹೋದರೆ, ಅತ್ತಿಗೆ ಕುಂಡಗಳನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೊರುತ್ತಿದ್ದರು. ಅಂಗೈ ತರಚಿತ್ತು.

"ಬಿಡಿ ಅತ್ತಿಗೆ, ಏನಾಗಿದೆ ನಿಮಗೆ? ಒಳ್ಳೇದೇ ಆಯ್ತಲ್ಲ, ಯಾರೂ ಸಾಯಲಿಲ್ಲ."

"ನಾನು ಹೊಡೀತಿದ್ದೆ ಕಣೇ," ಎಂದರು ಕುಂಡ ಇಳಿಸದೆ. "ತಡ್ಕೊಂಡೆ ಅಂತಾರೆ. ತಡ್ಕೊಳ್ಳಲಿಲ್ಲ. ಆ ಅಜ್ಜಿ ಅಡ್ಡ ಬಂದ್ರು."

"ಆಜ್ಞೆ ಇತ್ತಲ್ಲ. ಹೊಡೆದಿದ್ರೂ ತಪ್ಪೇನು?"

"ಆಜ್ಞೆ ಇತ್ತು. ಆದ್ರೆ ಅದೊಂದೇ ಅಲ್ಲ." ಕುಂಡವನ್ನು ಮೂಲೆಯಲ್ಲಿ ಇಳಿಸಿದರು. "ಇಷ್ಟು ವರ್ಷ ಮಲಗಿ ಮಲಗಿ ಸಾಕಾಗಿತ್ತು. ಒಂದು ಸಲ ಆಗಿಬಿಡ್ಲಿ ಅನ್ನಿಸ್ತು. ನನಗೆ ಬೇಕಿತ್ತು. ಅದನ್ನ ಯಾರ ಹತ್ರ ಹೇಳ್ಲಿ? ಕರುಣೆ ಅಂತ ಹಾರ ಹಾಕ್ತಿದಾರೆ."

ನಾನೂ ಇನ್ನೊಂದು ಕುಂಡ ಎತ್ತಿ ಅವರ ಹಿಂದೆ ನಡೆದೆ, ಅಷ್ಟೆ.

ಮೂರು ನಾಲ್ಕು ವರ್ಷ ಹಾಗೇ ಸಾಗಿತು. ಅತ್ತಿಗೆ ಕೆಲಸ ಬಿಡಲಿಲ್ಲ. ಮಾಳಿಗೆಯ ಮೇಲೆ ಕೆಲಸ ಮಾತ್ರ ಮೊದಲಿನಷ್ಟೇ ಚೊಕ್ಕವಾಗಿತ್ತು. ದುರ್ಬೀನಣ್ಣ ನಿವೃತ್ತರಾದರು. ಆ ಕಾವಲುಗಾರನಿಗೆ ಶಿಕ್ಷೆಯಾಯಿತು, ಜೈಲಿನೊಳಗೆ ಚಿಕಿತ್ಸೆಯೂ ನಡೆದಿದೆ ಎಂದು ಕೇಳಿದ್ದರು. ಆಮೇಲೆ ಆ ಸುದ್ದಿಯೂ ನಿಂತಿತು.

ಒಂದು ಸಂಜೆ ಅತ್ತಿಗೆ ಅಣ್ಣನ ಬಸ್ಸಿನಲ್ಲೇ ಮನೆಗೆ ಬರುತ್ತಿದ್ದರು. ಮಾರುಕಟ್ಟೆಯ ನಿಲ್ದಾಣದಲ್ಲಿ ಸೀಲಿಂಗ್ ಫ್ಯಾನಿನ ಪೆಟ್ಟಿಗೆ ಹಿಡಿದ ಒಬ್ಬ ಹತ್ತಿ ಪಕ್ಕದಲ್ಲಿ ಕೂತ. ಕಿವಿಯ ಕೆಳಗೆ ಸುಟ್ಟ ಕಲೆ. ಮೈ ತುಂಬಿಕೊಂಡಿತ್ತು, ಗಡ್ಡ ನುಣ್ಣಗೆ ಬೋಳಿಸಿತ್ತು, ಉಗುರಿನ ಸಂದಿಯಲ್ಲಿ ಗೋಡೆಯ ಬಣ್ಣ. ಅತ್ತಿಗೆಗೆ ಎರಡನೆಯ ಸಲ ನೋಡುವ ಅಗತ್ಯವಿರಲಿಲ್ಲ. ಆ ಮುಖವನ್ನು ಅವನ ಮನೆಯವರೂ ಅಷ್ಟು ಹೊತ್ತು ಎವೆಯಿಕ್ಕದೆ ನೋಡಿರಲಿಕ್ಕಿಲ್ಲ.

"ಅಕ್ಕ, ಇದನ್ನ ಸ್ವಲ್ಪ ಹಿಡ್ಕೋತೀರಾ? ಟಿಕೆಟ್ ತಗೋಬೇಕು," ಎಂದ ಅವನು.

ಅತ್ತಿಗೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡರು.

"ಭಾರ ಆಯ್ತಾ?"

"ಇಲ್ಲ. ಇರಲಿ."

"ಹೊಸ ಮನೆ, ಅಕ್ಕ. ಒಂದೇ ರೂಮು. ಮೇಲಿನ ಮಹಡಿ, ಮಧ್ಯಾಹ್ನ ಕಾದ ಕಾವಲಿ ಆಗತ್ತೆ." ಟಿಕೆಟ್ ತೆಗೆದುಕೊಂಡು ಪೆಟ್ಟಿಗೆಗೆ ಕೈ ಚಾಚಿದ. ಅತ್ತಿಗೆಯ ಕೈ ಬಿಡಲಿಲ್ಲ. ಅವನು ಮೆಲ್ಲಗೆ ಎಳೆದುಕೊಳ್ಳಬೇಕಾಯಿತು. "ಹುಷಾರಾಗಿದೀರಾ ಅಕ್ಕ? ಬೆವರ್ತಿದೀರಿ."

"ಸೆಖೆ," ಎಂದರು ಅತ್ತಿಗೆ.

ಎರಡು ನಿಲ್ದಾಣ ಕಳೆದು ಅವನು ಇಳಿದು ಹೋದ. ಬಸ್ಸು ನಮ್ಮ ಮನೆಯ ನಿಲ್ದಾಣ ದಾಟಿತು. ಕೊನೆಯ ನಿಲ್ದಾಣದಲ್ಲಿ ಎಂಜಿನ್ ಆರಿಸಿ ಹಿಂದೆ ಬಂದ ಅಣ್ಣನಿಗೆ, ಖಾಲಿ ಬಸ್ಸಿನಲ್ಲಿ ಕಲ್ಲಿನ ಹಾಗೆ ಕೂತ ಹೆಂಡತಿ ಕಂಡಳು. ಹೆದರಿಹೋದೆ ಎಂದು ಅಣ್ಣ ಆಮೇಲೆ ನನಗೆ ಹೇಳಿದ. ಮದುವೆಯಾದಂದಿನಿಂದ ಅವಳು ಮನೆಯಲ್ಲಿ ಹಾಗೆ ಕೂತದ್ದನ್ನು ಅವನು ನೋಡಿರಲಿಲ್ಲ. ಅಲ್ಲೇ, ಪಕ್ಕದ ಸೀಟಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡ.

"ಫ್ಯಾನ್ ತಗೊಂಡು ಹೋಗ್ತಿದ್ದ ರೀ," ಎಂದರಂತೆ ಅತ್ತಿಗೆ ಮತ್ತೆ ಮತ್ತೆ. "ನಾನು ಹೊಡೆದಿದ್ರೆ ಆ ಫ್ಯಾನ್ ಯಾರೂ ತಗೋತಿರಲಿಲ್ಲ."

"ನನ್ನೊಬ್ಬನಿಗೆ ಹೇಳಿದ್ರೆ ನಿನಗೆ ಸಮಾಧಾನ ಆಗಲ್ಲ," ಎಂದ ಅಣ್ಣ. "ನಿನ್ನನ್ನ ಹೊಗಳಿದವರಿಗೆ ಹೇಳು."

ಪ್ರತಿ ವರ್ಷ ಹೊಸದಾಗಿ ಸೇರಿದವರಿಗೆ ದಳದಲ್ಲಿ ಒಂದು ಸಭೆ ನಡೆಯುತ್ತಿತ್ತು. ಮುಖ್ಯಸ್ಥರು ಔಷಧಿ ಅಂಗಡಿಯ ಕತೆ ಹೇಳುವುದು, ಅತ್ತಿಗೆ ಎದ್ದು ನಿಂತು ಕೈಮುಗಿಯುವುದು, ಇಷ್ಟೇ ಅದರ ರೂಢಿ. ಆ ವರ್ಷ ನಿವೃತ್ತ ದುರ್ಬೀನಣ್ಣನನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. "ಬೆರಳು ಟ್ರಿಗರ್ ಮೇಲಿದ್ದೂ ತಾಳ್ಮೆ ಕಳ್ಕೊಳ್ಳದ..." ಎಂದು ಮುಖ್ಯಸ್ಥರು ಹೇಳುತ್ತಿದ್ದಾಗಲೇ ಅತ್ತಿಗೆ ಎದ್ದರು.

"ಸರ್, ಕ್ಷಮಿಸಿ. ಹಾಗಾಗಲಿಲ್ಲ. ನಾನು ತಾಳ್ಮೆಯಿಂದ ನಿಲ್ಲಿಸಿದ್ದಲ್ಲ. ಒತ್ತುತ್ತಿದ್ದೆ. ಆ ಅಜ್ಜಿ ಏಳೋದು ಒಂದು ಕ್ಷಣ ತಡವಾಗಿದ್ರೆ ಗುಂಡು ಹೋಗ್ತಿತ್ತು. ಇನ್ನೂ ಒಂದು ಕ್ಷಣ ಆಚೀಚೆ ಆಗಿದ್ರೆ ಅಜ್ಜಿಗೇ ತಗಲ್ತಿತ್ತು. ಇವರು ಇದನ್ನ ತಪ್ಪಾಗಿ ಕಲಿಯೋದು ಬೇಡ."

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು. ಆಗ ದುರ್ಬೀನಣ್ಣ ಕುರ್ಚಿಯ ತೋಳು ಹಿಡಿದು ಮೇಲೆದ್ದರು.

"ನಂದೂ ಒಂದು ಮಾತಿದೆ. ಆ ಅಜ್ಜಿ ಏಳೋಕೆ ಮುಂಚೆ ಮುಂದಕ್ಕೆ ಬಾಗಿದ್ರು. ನನ್ನ ದುರ್ಬೀನಲ್ಲಿ ಕಾಣಿಸ್ತು. 'ತಾಳು' ಅನ್ನೋದು ನನ್ನ ಕೆಲಸ. ನಾಲಿಗೆ ಹೊರಳಲಿಲ್ಲ. ಬಾಯಲ್ಲಿ ಪೆಪ್ಪರ್‌ಮಿಂಟ್ ಇತ್ತು, ಹಾಗೇ ಇದ್ದುಬಿಟ್ಟೆ. ಇವಳು ತಾನಾಗೇ ನಿಂತಳು ಅಂದ್ಕೊಂಡು ನಾನೂ ಸುಮ್ಮನಾದೆ."

ಇಷ್ಟು ವರ್ಷ ಭುಜಕ್ಕೆ ಭುಜ ತಾಗಿಸಿ ಮಲಗಿದ್ದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅತ್ತಿಗೆಗೆ ಸಿಟ್ಟು ಬಂತಂತೆ, ನಗುವೂ ಬಂತಂತೆ. ಯಾವುದು ಮೊದಲು ಎಂದು ನನಗೆ ಹೇಳಲಿಲ್ಲ.

ಹಿಂದಿನ ಸಾಲಿನ ಒಬ್ಬ ಹುಡುಗಿ ಕೈಯೆತ್ತಿದಳು. "ಮೇಡಂ, ಅವರು ಏಳದೇ ಇದ್ದು ನೀವು ಹೊಡೆದಿದ್ರೆ, ಅದು ತಪ್ಪಾಗ್ತಿತ್ತಾ?"

"ಗೊತ್ತಿಲ್ಲಮ್ಮ. ಆಜ್ಞೆ ಸರಿ ಇತ್ತು, ಗಾಜು ಸರಿ ಇತ್ತು, ದೂರ ಸರಿ ಇತ್ತು. ನಾನು ಸರಿ ಇರಲಿಲ್ಲ. ಅದನ್ನ ಅಳೆಯೋಕೆ ಯಾವ ಸ್ಕೋಪಲ್ಲೂ ಗೆರೆ ಇಲ್ಲ."

ಮುಖ್ಯಸ್ಥರು ಕೆಲವು ತಿಂಗಳು ಅತ್ತಿಗೆಯೊಡನೆ ಮುಖ ಕೊಟ್ಟು ಮಾತಾಡಲಿಲ್ಲ. ಮರುವರ್ಷದ ಸಭೆಯಲ್ಲಿ ಔಷಧಿ ಅಂಗಡಿಯ ಕತೆಯೇ ಇರಲಿಲ್ಲ. ಆದರೆ ಮಾತು ಹೇಗೋ ಸೇನೆಯ ಶಾಲೆಯವರೆಗೂ ಹೋಗಿತ್ತು. ಅಲ್ಲಿಂದ ಕರೆ ಬಂತು: ಬಂದು ಹುಡುಗರಿಗೆ ಇದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೀರಾ?

ಈಗ ಪ್ರತಿ ತಂಡಕ್ಕೂ ಹೋಗುತ್ತಾರೆ. ದುರ್ಬೀನಣ್ಣನನ್ನೂ ಎಳೆದುಕೊಂಡು ಹೋಗುತ್ತಾರೆ. ಅವರ ಪಾಲಿನ ಮಾತನ್ನು ಅವರ ಬಾಯಿಂದಲೇ ಹೇಳಿಸುತ್ತಾರೆ. ಹೋಗಿಬಂದರೆ ಒಂದೆರಡು ವಾರ ಚೆನ್ನಾಗಿ ನಿದ್ದೆ ಮಾಡುತ್ತಾರೆ, ಆಮೇಲೆ ಮತ್ತೆ ಬೆಳಗಿನ ಜಾವಕ್ಕೇ ಎದ್ದು ಓಡಾಡುವ ಸದ್ದು ಕೇಳುತ್ತದೆ. ಅಮ್ಮ ಯಾಕೆಂದು ಕೇಳುವುದನ್ನು ಬಿಟ್ಟಿದ್ದಾಳೆ; ತನ್ನ ಹಾಸಿಗೆಯಿಂದಲೇ, "ಹೇಗಿದ್ರೂ ಎದ್ದಿದೀಯಲ್ಲ, ಚಹಾಕ್ಕಿಡು" ಎನ್ನುತ್ತಾಳೆ. ಅತ್ತಿಗೆ ಇಡುತ್ತಾರೆ. ಇಬ್ಬರೂ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಕುಡಿಯುತ್ತಾರೆ.